ಹಳ್ಳಿ ಚರ್ಚಿನ ಗಾರೆ ಗೋಡೆ

ಕೇಳುಗರಿಗೆ ನಮಸ್ಕಾರ. ಕೋಲಾರ ಸೀಮೆಯ ಹಳ್ಳಿಯೊಂದರಲ್ಲಿ ಹಳೆಯ ಚರ್ಚಿನ ಮುಂದೆ ನಿಂತವರ ಕಣ್ಣು ಮೊದಲು ಗಂಟೆಗೋಪುರದತ್ತ ಹೋಗುತ್ತದೆ. ನನ್ನ ಮಟ್ಟಿಗೆ ನೋಡಬೇಕಾದುದು ಗೋಡೆಯನ್ನು.

ನಕ್ಷೆಯೇನೋ ಸರಳವಾದುದು. ವಾಡಿಕೆಯಂತೆ ಬಾಗಿಲು ಪಶ್ಚಿಮಕ್ಕೆ, ಪೂಜೆ ನಡೆಯುವ ಮೇಜು ಅಂದರೆ ಬಲಿಪೀಠ ಪೂರ್ವಕ್ಕೆ, ನಡುವೆ ಜನ ಕೂರುವ ಉದ್ದನೆಯ ಹಜಾರ. ನಿವೇಶನ ಒದಗದ ಕಡೆ ದಿಕ್ಕು ಬದಲಾಗಿರುವುದೂ ಉಂಟು. ನಮ್ಮ ಗುಡಿಗಳಲ್ಲಿ ಸಾಮಾನ್ಯವಾಗಿ ದೇವರು ಪೂರ್ವಕ್ಕೆ ಮುಖ ಮಾಡಿದರೆ, ಇಲ್ಲಿ ಭಕ್ತರೇ ಪೂರ್ವಕ್ಕೆ ಮುಖ ಮಾಡುತ್ತಾರೆ. ಹಿಂದೆ ಪಾದ್ರಿಗಳೂ ಅದೇ ದಿಕ್ಕಿಗೆ ತಿರುಗಿ ರೊಟ್ಟಿ, ದ್ರಾಕ್ಷಾರಸಗಳ ಬಲಿಪೂಜೆ ಅರ್ಪಿಸುತ್ತಿದ್ದರು. 1962ರಿಂದ 1965ರವರೆಗೆ ನಡೆದ ಕ್ಯಾಥೊಲಿಕ್ ಧರ್ಮಾಧ್ಯಕ್ಷರ ಎರಡನೆಯ ವ್ಯಾಟಿಕನ್ ಮಹಾಸಭೆಯ ಬಳಿಕ ಬಹಳಷ್ಟು ಕ್ಯಾಥೊಲಿಕ್ ಚರ್ಚುಗಳಲ್ಲಿ ಪೀಠವು ಜನರ ಕಡೆಗೆ ಮುಂದೆ ಬಂದಿತು.

ಇನ್ನು ಗೋಡೆ. ನಮ್ಮ ಸೀಮೆಯಲ್ಲಿ ನೀರಿಗೆ ಬರವಿರಬಹುದು, ಬಂಡೆಗಿಲ್ಲ. ಆ ಕಲ್ಲನ್ನು ಸೀಳಿ ದಪ್ಪನಾಗಿ ಕಟ್ಟಿದ ಗೋಡೆಗೆ ಗಾರೆಯೇ ಜೀವ. ಸುಟ್ಟ ಸುಣ್ಣವನ್ನೂ ಮರಳನ್ನೂ ಎತ್ತು ಕಟ್ಟಿದ ಗಾಣದಲ್ಲಿ ಅರೆದು, ಬೆಲ್ಲದ ನೀರು, ಅಳಲೆಕಾಯಿಯ ರಸ ಬೆರೆಸಿ ಹದ ಮಾಡುವುದು ಹಳೆಯ ಗಾರೆಯವರ ಪದ್ಧತಿ. ಸುಣ್ಣವು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರುತ್ತ ನಿಧಾನವಾಗಿ ಮತ್ತೆ ಸುಣ್ಣಕಲ್ಲೇ ಆಗುತ್ತದೆ. ಆದರೂ ಅದರ ಸಣ್ಣ ರಂಧ್ರಗಳು ಮುಚ್ಚುವುದಿಲ್ಲವಾದ್ದರಿಂದ, ನೆಲದಿಂದ ಏರಿದ ತೇವ ಗೋಡೆಯ ಮೈಯಿಂದಲೇ ಆರಿಹೋಗುತ್ತದೆ.

ಮೇಲಿನ ಇಳಿಜಾರು ಸೂರು ಗೋಡೆಗಳನ್ನು ಹೊರಕ್ಕೆ ತಳ್ಳುತ್ತದೆ. ಆ ತಳ್ಳುವಿಕೆಯನ್ನು ಹಿಡಿದಿಡುವುದು ಸೂರನ್ನು ಹೊರುವ ಎರಡು ಇಳಿಜಾರು ಮರಗಳ, ಅಂದರೆ ಕೈಮರಗಳ ಬುಡವನ್ನು ಬಿಗಿದು ಕಟ್ಟುವ ಅಡ್ಡತೊಲೆ; ಹೊರಗಿನಿಂದ ಒತ್ತುಗೊಡುವುದು ಆನಿಕೆಗೋಡೆ. ಹೊದಿಕೆಗೆ ಸಾಮಾನ್ಯವಾಗಿ ಮಂಗಳೂರು ಹೆಂಚು, ಅಂದರೆ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ತಯಾರಿಸತೊಡಗಿದ ಹೆಂಚು. ಪಾರಿವಾಳಗಳಿಗೂ ಈ ಸೂರು ಅಚ್ಚುಮೆಚ್ಚು, ಗುಡಿಸುವವರ ಅಭಿಪ್ರಾಯ ಬೇರೆ.

ಇಂಥ ಗೋಡೆಗೆ, ತೇವವನ್ನು ಸುಲಭವಾಗಿ ಹೊರಬಿಡದ ಸಿಮೆಂಟು ಬಳಿಯುವುದು ಜೀರ್ಣೋದ್ಧಾರವೆಂದು ನಾನು ಒಪ್ಪಲಾರೆ. ನಾನು ಕಂಡ ಒಂದು ಚರ್ಚಿನಲ್ಲಿ ಸೊಂಟದೆತ್ತರಕ್ಕೆ ಸಿಮೆಂಟು ಬಳಿದು ಬಣ್ಣ ಹೊಡೆದಿದ್ದರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ತೇವವು ಅದರ ಅಂಚನ್ನು ದಾಟಿ ಎದೆಯೆತ್ತರಕ್ಕೆ ಏರಿ, ಮೇಲಿನ ಹಳೆಯ ಗಾರೆ ಹಿಟ್ಟಿನಂತೆ ಉದುರತೊಡಗಿತು. ಬಂದ ಹಿರಿಯ ಮೇಸ್ತ್ರಿ ಬೆರಳ ಗೆಣ್ಣಿನಿಂದ ಸಿಮೆಂಟನ್ನು ತಟ್ಟಿದರು, ಟೊಳ್ಳು ಸದ್ದು. ಉಳಿಯಿಟ್ಟು ಒಂದು ಚಕ್ಕೆ ಎಬ್ಬಿಸಿದಾಗ ಒಳಗಿನ ಸುಣ್ಣ ಒದ್ದೆಯಾಗಿ ಕೈಗಂಟಿತು. ಸಿಮೆಂಟನ್ನೆಲ್ಲ ಕಿತ್ತುಹಾಕಿಸಿದ ಅವರು, ಒಂದು ಬೇಸಿಗೆ ಪೂರ್ತಿ ಗೋಡೆಯನ್ನು ಹಾಗೆಯೇ ಬಿಟ್ಟು, ಆಮೇಲೆ ಗಾರೆ ಕಲಸಿದರು.