ಇಸವಿ ಆಮೇಲೆ, ಕತ್ತರಿ ಮೊದಲು

ಎಲ್ಲರಿಗೂ ನಮಸ್ಕಾರ. ಊಟ ಆದ ಮೇಲಿನ ಗೋಷ್ಠಿ ಇದು. ಅದರಲ್ಲೂ ವೈನ್ ಬಗ್ಗೆ. ನಿಮಗೆ ನಿದ್ದೆ ಬಂದರೆ ಜವಾಬ್ದಾರಿ ನನ್ನದಲ್ಲ.

ಬೆಳಿಗ್ಗೆಯಿಂದ ಈ ವೇದಿಕೆ ಮೇಲೆ ‘ಒಳ್ಳೇ ವಿಂಟೇಜ್, ಕೆಟ್ಟ ವಿಂಟೇಜ್’ ಅನ್ನುವ ಮಾತು ಎಷ್ಟು ಸಲ ಬಂತು! ವಿಂಟೇಜ್ ಅಂದರೆ ದ್ರಾಕ್ಷಿ ಕೊಯ್ದ ಇಸವಿ. ಒಬ್ಬರಂತೂ ಫ್ರಾನ್ಸಿನ ವೈನ್ ಸೀಮೆ ಬೋರ್ಡೋದ 1982ರ ಬಗ್ಗೆ ಕಣ್ಣರಳಿಸಿ ಮಾತಾಡಿದರು. ಮಾತಾಡಲಿ, ಅದು ಹೆಸರಾದ ವರ್ಷವೇ. ಆದರೆ ಅಲ್ಲಿಯ ಲೆಕ್ಕ ತಂದು ನಮ್ಮ ಬಾಟಲಿಗೆ ಅಂಟಿಸಬೇಡಿ ಅಂತ ಸ್ವಲ್ಪ ಜಗಳ ಆಡಲು ಬಂದಿದ್ದೇನೆ.

ಅಲ್ಲಿ ಚಳಿಗಾಲದಲ್ಲಿ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ. ಏಪ್ರಿಲ್ ಹೊತ್ತಿಗೆ ಚಿಗುರು, ಜೂನ್‌ನಲ್ಲಿ ಹೂವು, ಸೆಪ್ಟೆಂಬರ್ ಸುಮಾರಿಗೆ ಕೊಯ್ಲು. ಯಾವಾಗ ಏಳಬೇಕು ಅನ್ನುವುದನ್ನು ಹವೆಯೇ ನಿರ್ಧರಿಸುತ್ತದೆ. ಫ್ರಾನ್ಸಿನ ಬೋನ್ ಊರಿನಲ್ಲಿ ಕೊಯ್ಲು ಶುರುವಾದ ದಿನದ ದಾಖಲೆ 1354ರಿಂದ ಸಿಗುತ್ತದೆ. 1988ರಿಂದ ಈಚೆಗೆ ಅದು ಸರಾಸರಿ 13 ದಿನ ಮುಂಚೆ ಬರುತ್ತಿದೆ. ಬಿಸಿ ಏರಿತು, ಕೊಯ್ಲು ಬೇಗ ಬಂತು. ಅಲ್ಲಿ ಇಸವಿಗೆ ಅರ್ಥ ಇದೆ, ಒಪ್ಪುತ್ತೇನೆ.

ನಮ್ಮ ನಂದಿ ಬೆಟ್ಟದ ಸುತ್ತಮುತ್ತ ಬಳ್ಳಿಗೆ ಆ ನಿದ್ದೆಯೇ ಇಲ್ಲ. ಅದಕ್ಕೇ ಎರಡು ಸಲ ಪ್ರೂನಿಂಗ್, ಅಂದರೆ ಕಡ್ಡಿ ಕತ್ತರಿಸುವುದು. ಕೊಯ್ಲಾದ ಮೇಲೆ ಏಪ್ರಿಲ್ ಸುಮಾರಿಗೆ ಒಂದು, ಕಡ್ಡಿ ಬೆಳೆಸಲು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಇನ್ನೊಂದು, ಗೊಂಚಲು ಬರಿಸಲು. ಆಮೇಲೆ ಕಡ್ಡಿಯ ಮೇಲಿನ ಕಣ್ಣುಗಳು, ಅಂದರೆ ಮೊಗ್ಗುಗಳು, ಎಲ್ಲ ಒಟ್ಟಿಗೆ ಒಡೆಯಲಿ ಅಂತ ಹೈಡ್ರೋಜನ್ ಸಯನಮೈಡ್ ಅನ್ನುವ ರಾಸಾಯನಿಕ ಹಚ್ಚುತ್ತಾರೆ. ಬಳ್ಳಿಗೆ ಅಲಾರಾಂ ಇಟ್ಟ ಹಾಗೆ. ಅಂದರೆ ಇಲ್ಲಿ ವರ್ಷ ಯಾವತ್ತು ಶುರು ಅನ್ನುವುದು ರೈತರ ಕೈಯಲ್ಲಿದೆ. ಇಸವಿ ಆಮೇಲೆ, ಕತ್ತರಿ ಮೊದಲು. ಇದನ್ನೇ ಮತ್ತೆ ಮತ್ತೆ ಹೇಳುತ್ತೇನೆ, ಸಹಿಸಿಕೊಳ್ಳಿ.

2021ರ ನವೆಂಬರ್ ನೆನಪಿದೆ ಅಲ್ವಾ? ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರ, ಎಲ್ಲೂ ಮಳೆ ಬಿಡಲಿಲ್ಲ. ರಾಗಿ ತೆನೆಯಲ್ಲೇ ಮೊಳಕೆ ಒಡೆಯಿತು. ಆಗ ನಾನು ದ್ರಾಕ್ಷಿ ನೋಡಲು ಹೋಗುತ್ತಿದ್ದ ಒಂದು ಕಡೆ ಅಣ್ಣ ತಮ್ಮ ಇಬ್ಬರ ತೋಟ. ಭಾಗ ಆದ ಜಮೀನು, ನಡುವೆ ಒಂದು ಬದು. ಎರಡೂ ಕಡೆ ಕೆಂಪು ವೈನಿನ ಶಿರಾಜ್ ದ್ರಾಕ್ಷಿ, ಅದೇ ಕೆಂಪು ಮಣ್ಣು. ಅಣ್ಣನದು ಆತುರದ ಸ್ವಭಾವ, ಸೆಪ್ಟೆಂಬರ್ ಮೊದಲ ವಾರಕ್ಕೇ ಪ್ರೂನಿಂಗ್ ಮುಗಿಸಿದರು. ತಮ್ಮನಿಗೆ ಆಳು ಸಿಗದೆ ಅಕ್ಟೋಬರ್ ಮಧ್ಯಕ್ಕೆ ಹೋಯಿತು. ಆಳುಗಳನ್ನೆಲ್ಲ ಅಣ್ಣನೇ ಇಟ್ಟುಕೊಂಡ ಅಂತ ಒಂದು ಜಗಳವೂ ಆಯಿತು. ಅದು ಬೇಡ ಬಿಡಿ, ಅದಕ್ಕೇ ಇನ್ನೊಂದು ಗೋಷ್ಠಿ ಬೇಕು.

ಪ್ರೂನಿಂಗ್ ಆಗಿ ತಿಂಗಳು, ನಲವತ್ತು ದಿನಕ್ಕೆ ಹೂವು. ನೀವೇ ಲೆಕ್ಕ ಹಾಕಿ. ಮಳೆ ಜೋರಾದಾಗ ಅಣ್ಣನ ತೋಟದಲ್ಲಿ ಕಾಯಿ ಕಚ್ಚಿ ಆಗಿತ್ತು. ತಮ್ಮನದು ಸರಿಯಾಗಿ ಹೂವಲ್ಲೇ ಸಿಕ್ಕಿಬಿತ್ತು. ಅವರು ಒಂದು ಗೊಂಚಲಿನ ಕೆಳಗೆ ಅಂಗೈ ಹಿಡಿದು ಮೆಲ್ಲಗೆ ತಟ್ಟಿದರು, ಹೂವೆಲ್ಲ ಉದುರಿತು. ಎಲೆ ಮಗುಚಿದರೆ ಅಡಿಯಲ್ಲಿ ಡೌನಿ ರೋಗದ ಬಿಳಿ ಬೂಜು. “ಈ ಸಲ ನಂದು ಮುಗೀತು ಸಾರ್” ಅಂದರು. ಬದುವಿನ ಆಚೆಯಿಂದ ಅಣ್ಣ, “ನಾನು ಆಗಲೇ ಬಡ್ಕೊಂಡೆ, ಕೇಳಿದ್ನಾ?”

ಮುಂದೆ ಕೇಳಿ. ಅಣ್ಣನ ಗೊಂಚಲು ಕಿಕ್ಕಿರಿದು ತುಂಬಿತು. ಆದರೆ ನೀರು ಕುಡಿದ ಹಣ್ಣು, ಸಕ್ಕರೆ ಏರಲೇ ಇಲ್ಲ. ಗೊಂಚಲಿನ ಒಳಗೆ ಕೊಳೆ ಕಂಡಿತು. ಜನವರಿ ಕೊನೆಗೆ 20 ಬ್ರಿಕ್ಸ್ ಇರುವಾಗಲೇ ಕೊಯ್ದೆವು. ಬ್ರಿಕ್ಸ್ ಅಂದರೆ ರಸದ ಸಕ್ಕರೆಯ ಅಳತೆ. ತಮ್ಮನದು ಅರ್ಧಕ್ಕರ್ಧ ಉದುರಿ ಬಿಡಿಬಿಡಿ ಗೊಂಚಲು. ಗಾಳಿ ಆಡಿತು, ಮಾರ್ಚ್‌ವರೆಗೆ ಒಣ ಬಿಸಿಲು ಸಿಕ್ಕಿತು. 24 ಬ್ರಿಕ್ಸ್. ಬೀಜ ಅಗಿದರೆ ಹಸಿ ಒಗರು ಹೋಗಿ ಕಟುಮ್ ಅನ್ನುತ್ತಿತ್ತು.

ಲೇಬಲ್ ಮೇಲೆ ಮಾತ್ರ ಎರಡಕ್ಕೂ 2022! ಇಸವಿ ಹಾಕುವುದು ಕೊಯ್ಲಿನದ್ದು ತಾನೇ? ಆದರೆ ಆ ಹಣ್ಣಿನ ಹಣೆಬರಹ ಬರೆದದ್ದು 2021ರ ಮಳೆ. ಇನ್ನೂ ಹಿಂದೆ ಹೋದರೆ, ಕಣ್ಣಿನೊಳಗೆ ಗೊಂಚಲು ರೂಪುಗೊಳ್ಳುವುದು ಏಪ್ರಿಲ್ ಪ್ರೂನಿಂಗ್ ಆಗಿ ಎರಡು ತಿಂಗಳ ಒಳಗೆ. ಆಗ ಮೋಡ ಜಾಸ್ತಿಯಾದರೆ ಗೊಂಚಲೇ ಕಡಿಮೆ. ಡಿಸೆಂಬರ್ 31ಕ್ಕೆ ಕೊಯ್ದರೆ ಒಂದು ಇಸವಿ, ಮಾರನೇ ದಿನ ಪಕ್ಕದ ಸಾಲು ಕೊಯ್ದರೆ ಇನ್ನೊಂದು. ನಗಬೇಡಿ, ಇಲ್ಲಿ ಬಿಳಿ ದ್ರಾಕ್ಷಿ ಆ ಹೊತ್ತಿಗೇ ಬರುವುದುಂಟು.

ಹಣ್ಣು ಸೆಲ್ಲಾರಿಗೆ ಬಂತು. ಬ್ರಿಕ್ಸ್‌ನ ಅರ್ಧಕ್ಕಿಂತ ತುಸು ಹೆಚ್ಚು ಆಲ್ಕೋಹಾಲ್ ಆಗುತ್ತದೆ. ಅಣ್ಣನದು ಹೆಚ್ಚೆಂದರೆ 11 ಶೇಕಡಾ. ಅದನ್ನು ಸಿಪ್ಪೆ ಜೊತೆ ಹತ್ತು ದಿನ ಬಿಟ್ಟಿದ್ದರೆ ಹಸಿ ಒಗರು, ತೆಳ್ಳನೆ ಕೆಂಪು ನೀರು. ಅದಕ್ಕೆ ಕೊಳೆತದ್ದನ್ನು ಆರಿಸಿ ತೆಗೆದು, ಸಿಪ್ಪೆ ಜೊತೆ ಕೆಲವೇ ಗಂಟೆ ಬಿಟ್ಟು ರೋಸೆ, ಅಂದರೆ ಗುಲಾಬಿ ಬಣ್ಣದ ವೈನ್, ಮಾಡಿದೆವು. ಹುಳಿ ಚುರುಕಾಗಿತ್ತು, ಬೇಸಿಗೆಗೆ ಹೇಳಿ ಮಾಡಿಸಿದಂತಿತ್ತು. ತಮ್ಮನದು ಎರಡು ವಾರ ಸಿಪ್ಪೆ ಜೊತೆ ಇತ್ತು, ದಿನಕ್ಕೆ ಎರಡು ಸಲ ರಸ ಮೇಲೆತ್ತಿ ಸುರಿದೆವು. ಬಿಸಿಲಿಗೆ ಹುಳಿ ಇಳಿದಿತ್ತು, ಟಾರ್ಟಾರಿಕ್ ಆಮ್ಲ ಸೇರಿಸಬೇಕಾಯಿತು. ಆಮೇಲೆ 225 ಲೀಟರಿನ ಓಕ್ ಪೀಪಾಯಿ. ಈಗ ಹೇಳಿ, 2022 ಒಳ್ಳೇ ವರ್ಷವೋ ಕೆಟ್ಟ ವರ್ಷವೋ? ಅಂದಹಾಗೆ ದುಡ್ಡು ಜಾಸ್ತಿ ಬಂದದ್ದು ಅಣ್ಣನಿಗೇ. ದ್ರಾಕ್ಷಿ ಕೊಳ್ಳುವುದು ಕೆಜಿ ಲೆಕ್ಕದಲ್ಲಿ, ಹೊಗಳಿಕೆಗೆ ತೂಕ ಇಲ್ಲ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಯೀಸ್ಟ್, ಸಲ್ಫರ್ ಬಗ್ಗೆ ಬರೆದುಕೊಂಡ ನಾಲ್ಕು ಹಾಳೆ ಹಾಗೇ ಉಳಿಯಿತು. ಬ್ಲೆಂಡಿಂಗ್, ಅಂದರೆ ವೈನ್ ಬೆರೆಸುವುದರ ಬಗ್ಗೆ ಒಂದೇ ಮಾತು: ಯುರೋಪಿನಲ್ಲೂ 85 ಶೇಕಡಾ ದ್ರಾಕ್ಷಿ ಆ ವರ್ಷದ್ದಾದರೆ ಇಸವಿ ಹಾಕಬಹುದು. ಉಳಿದದ್ದು ಬೇರೆ ವರ್ಷದ್ದಾದರೂ ನಡೆಯುತ್ತದೆ.

ನಮ್ಮ ವೈನರಿಯವರಲ್ಲಿ ನನ್ನ ಬೇಡಿಕೆ ಇಷ್ಟೇ. ಹಿಂದಿನ ಲೇಬಲ್‌ನಲ್ಲಿ ಸುಮ್ನೆ ಸೂರ್ಯಾಸ್ತದ ವರ್ಣನೆ ಬೇಡ. ಪ್ರೂನಿಂಗ್ ತಾರೀಖು, ಕೊಯ್ಲಿನ ತಾರೀಖು, ಎರಡೂ ಹಾಕಿ. ಜಾಗ ಬೇಕಾದರೆ ‘ರಿಸರ್ವ್’ ಅನ್ನುವ ಪದ ತೆಗೆಯಿರಿ. ಪ್ರಶ್ನೆ ಇದ್ದವರು ಕೇಳಿ. ಬೋರ್ಡೋ ಸಾಹೇಬರು ಆಗಿನಿಂದ ಕೈ ಎತ್ತಿದ್ದಾರೆ, ಮೈಕ್ ಮೊದಲು ಅವರಿಗೇ ಕೊಡಿ.