ಮೊದಲ ದಿನ ಕಡಿಮೆ ತುಳಿಯಿರಿ

ತಮ್ಮಂದಿರೇ, ತಂಗಿಯರೇ,

ಕೊಪ್ಪಳದಿಂದ ರಾಯಚೂರಿಗೆ ಸೈಕಲ್ ಮೇಲೆ ಹೊರಟಿದ್ದೀರಿ, ಬಹಳ ಖುಷಿಯಾಯಿತು. ನಿಮ್ಮಲ್ಲಿ ಹೆಚ್ಚಿನವರು ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟ ಸೈಕಲ್ ತುಳಿದವರು. ಆದರೆ ಊರಿಂದ ಶಾಲೆಗೆ ಹೋಗಿಬರುವುದು ಬೇರೆ, ದಿನಾ ನಾಲ್ಕೈದು ತಾಸು ಸೀಟಿನ ಮೇಲೆ ಕೂರುವುದು ಬೇರೆ.

ನಿಮ್ಮ ಪ್ಲ್ಯಾನ್ ನೋಡಿದೆ. ಮೊದಲ ದಿನವೇ ಗಂಗಾವತಿ ದಾಟಿ ಸಿಂಧನೂರು ಮುಟ್ಟಬೇಕು ಅಂತಿದೆ. ಹತ್ತಿರಹತ್ತಿರ 95 ಕಿ.ಮೀ. ಬೇಡ. ಮೊದಲ ದಿನ ಹುಮ್ಮಸ್ಸು ಜಾಸ್ತಿ, ಕಾಲು ಹೇಳಿದಂತೆ ಕೇಳುತ್ತದೆ. ನೋವು ಗೊತ್ತಾಗುವುದು ಮರುದಿನ ಬೆಳಿಗ್ಗೆ, ಮತ್ತೆ ಸೀಟಿನ ಮೇಲೆ ಕೂತಾಗ. ಗಂಗಾವತಿಯಲ್ಲೇ ಉಳಿಯಿರಿ. ಎರಡನೇ ದಿನ ಕಾರಟಗಿ ಮೇಲೆ ಸಿಂಧನೂರು, ಮೂರನೇ ದಿನ ಮಾನ್ವಿ, ಆಮೇಲೆ ರಾಯಚೂರು. ಚಳಿಗಾಲದಲ್ಲಿ ಗಾಳಿ ಹೆಚ್ಚಾಗಿ ಮೂಡಣದಿಂದ ಬೀಸುತ್ತದೆ, ನಿಮಗೆ ಅದು ಎದುರುಗಾಳಿ. ಅದನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ವಾ?

1894ರಲ್ಲಿ ಅಮೆರಿಕದ ಬಾಸ್ಟನ್‌ನಿಂದ ಆನಿ ಲಂಡನ್‌ಡೆರಿ ಅನ್ನುವ ಹೆಣ್ಣುಮಗಳು ಲೋಕ ಸುತ್ತಲು ಹೊರಟಳು. ಮೂರು ಮಕ್ಕಳ ತಾಯಿ. ಸೈಕಲ್ ಕಲಿತದ್ದೇ ಹೊರಡುವ ಸ್ವಲ್ಪ ಮುಂಚೆ. ಮೈಮೇಲೆ ಉದ್ದ ಲಂಗ, ಕೈಯಲ್ಲಿ ಸುಮಾರು 19 ಕಿಲೋ ತೂಕದ ಸೈಕಲ್. ಶಿಕಾಗೊ ಮುಟ್ಟುವಷ್ಟರಲ್ಲಿ ಸಾಕಾಗಿಹೋಗಿತ್ತು. ಅಲ್ಲಿ ಅವಳು ಅದರ ಅರ್ಧ ತೂಕದ ಸೈಕಲ್ ಹಿಡಿದಳು, ಉಡುಪನ್ನೂ ಬದಲಿಸಿದಳು. 1895ರಲ್ಲಿ ಪ್ರಯಾಣ ಮುಗಿಸಿದಳು. ಬಹಳಷ್ಟು ದಾರಿ ಹಡಗಿನಲ್ಲೇ ಆಯಿತು ಅಂತ ಆಡಿದವರಿದ್ದಾರೆ. ಇರಲಿ. ಶಿಕಾಗೊದಲ್ಲಿ ಅವಳು ಮಾಡಿದ ತೀರ್ಮಾನ ನನಗೆ ತುಂಬಾ ದೊಡ್ಡದಾಗಿ ಕಾಣುತ್ತದೆ. ನೀವೂ ಗಂಗಾವತಿಯಲ್ಲಿ ಬ್ಯಾಗ್ ಬಿಚ್ಚಿ ನೋಡಿ. ಬೇಡವಾದ ಸಾಮಾನನ್ನು ಬಸ್ಸಿಗೆ ಹಾಕಿ ಊರಿಗೆ ಕಳಿಸಿ. ಉಳಿದದ್ದು ಬೆನ್ನ ಮೇಲೆ ಬೇಡ, ಕ್ಯಾರಿಯರ್‌ಗೆ ಕಟ್ಟಿ.

ಇನ್ನು ನಮ್ಮ ಕಡೆಯ ದೊಡ್ಡ ಕಾಟ ಬಳ್ಳಾರಿ ಜಾಲಿ. ಕಾಲುವೆ ದಂಡೆ, ರಸ್ತೆಯಂಚು, ಎಲ್ಲೆಲ್ಲೂ ಅದರದೇ ಮುಳ್ಳು. ನೆರಳಿಗೆ ಅಂತ ಅದರ ಬುಡಕ್ಕೆ ಸೈಕಲ್ ತಳ್ಳಿಕೊಂಡು ಹೋಗಬೇಡಿ. ಟಾರು ಬಿಟ್ಟು ಇಳಿಯುವುದಾದರೆ ಎತ್ತಿಕೊಂಡು ಹೋಗಿ. ಪಂಕ್ಚರ್ ಆದರೆ ಟ್ಯೂಬಿಗೆ ತೇಪೆ ಹಾಕಿದ ಕೂಡಲೇ ಟೈರ್ ಏರಿಸಬೇಡಿ. ಬಟ್ಟೆ ಹಿಡಿದು ಟೈರಿನ ಒಳಗೆ ಸುತ್ತಲೂ ಸವರಿ. ಮುರಿದ ಮುಳ್ಳು ಅಲ್ಲೇ ಕೂತಿದ್ದರೆ ಹತ್ತು ನಿಮಿಷದಲ್ಲಿ ಮತ್ತೆ ಗಾಳಿ ಹೋಗುತ್ತದೆ. ಹೊರಡುವ ಮುಂಚೆ ಪ್ರತಿಯೊಬ್ಬರೂ ಒಂದು ಸಲ ಗಾಲಿ ಬಿಚ್ಚಿ, ತೇಪೆ ಹಾಕಿ, ಕೂಡಿಸಲೇಬೇಕು. ಹುಡುಗಿಯರು ಕೂಡ. ಪಕ್ಕದಲ್ಲಿ ನಿಂತು ನೋಡಿದರೆ ಕೈಗೆ ಬರುವುದಿಲ್ಲ.

ಈಗ ಭತ್ತದ ಸುಗ್ಗಿ. ಕಾರಟಗಿ, ಸಿಂಧನೂರಿನ ಕಡೆ ರಸ್ತೆ ಮೇಲೆ ಭತ್ತ ಒಣಗಲು ಹಾಕಿರುತ್ತಾರೆ, ಗಾಲಿ ಜಾರುತ್ತದೆ. ದೀಪವಿಲ್ಲದ ಟ್ರೇಲರ್‌ಗಳೂ ಓಡಾಡುತ್ತವೆ. ಹೊತ್ತು ಮುಳುಗಿದ ಮೇಲೆ ತುಳಿಯುವ ಮಾತೇ ಬೇಡ.

ಬಾಯಾರಿಕೆಗೆ ಕಾಯದೆ ಆಗಾಗ ಗುಟುಕು ನೀರು ಕುಡಿಯಿರಿ. ಬೆವರಿ ಸುಸ್ತಾದರೆ 1 ಲೀಟರ್ ನೀರಿಗೆ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು.

ಹೊಸಬರು ಕಾಲು ನೆಲಕ್ಕೆ ಪೂರ್ತಿ ತಾಗಲಿ ಅಂತ ಸೀಟು ಕೆಳಗಿಡುತ್ತಾರೆ. ಮೊಣಕಾಲು ನೋಯುವುದು ಬಹಳ ಸಲ ಅದರಿಂದಲೇ. ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು, ಅಷ್ಟು ಎತ್ತರ. ಆದರೂ ಯಾರಿಗಾದರೂ ನೋವು ಬಂದರೆ ಇಡೀ ಗುಂಪು ಅವರ ವೇಗಕ್ಕೆ ಇಳಿಯಲಿ. ನಿಧಾನದವರು ಮುಂದಿರಲಿ, ಗಟ್ಟಿಗರು ಹಿಂದೆ. ಪಂಪು, ಪಾನಾ ಎಲ್ಲಾ ಕೊನೆಯವರ ಹತ್ತಿರವೇ ಇರಬೇಕು.

ಸೈಕಲ್‌ಗಳನ್ನು ಅಂಗಳಕ್ಕೆ ತನ್ನಿ. ಒಬ್ಬೊಬ್ಬರದೇ ಸೀಟು ನೋಡೋಣ.