ಎರಡು ಸ್ಕ್ಯಾನ್‌ಗಳ ನಡುವಿನ ದಿನಗಳು

ಕೇಳುಗರೆಲ್ಲರಿಗೂ ನಮಸ್ಕಾರ. ಬಸಿರಿನ ಮೊದಲ ಮೂರು ತಿಂಗಳಲ್ಲಿ ರಕ್ತ ಕಾಣಿಸಿಕೊಂಡಾಗ ಏಳುವ ಆತಂಕವನ್ನು ಹೇಗೆ ನಿಭಾಯಿಸಬೇಕು ಎಂಬುದು ಇಂದಿನ ವಿಷಯ. ಔಷಧ, ತಪಾಸಣೆಗಳ ವಿಚಾರವನ್ನು ವೈದ್ಯರು ಚೀಟಿಯಲ್ಲಿ ಬರೆದುಕೊಡುತ್ತಾರೆ. ಆದರೆ ಒಂದು ತಪಾಸಣೆಯಿಂದ ಮತ್ತೊಂದಕ್ಕೆ ಕಾಯಬೇಕಾದ ದಿನಗಳನ್ನು ಹೇಗೆ ಕಳೆಯಬೇಕೆಂಬುದು ಆ ಚೀಟಿಯಲ್ಲಿ ಇರುವುದಿಲ್ಲ.

ಗರ್ಭಿಣಿಯರಲ್ಲಿ ಸುಮಾರು ನಾಲ್ವರಿಗೆ ಒಬ್ಬರಂತೆ ಈ ಅವಧಿಯಲ್ಲಿ ಸ್ವಲ್ಪವೋ ಹೆಚ್ಚೋ ರಕ್ತ ಕಾಣಿಸಿಕೊಳ್ಳುತ್ತದೆ. ಅವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯ ಗರ್ಭ ಉಳಿದು ಮುಂದುವರಿಯುತ್ತದೆ. ಭ್ರೂಣವು ಗರ್ಭಕೋಶದ ಒಳಪದರಕ್ಕೆ ಅಂಟಿಕೊಳ್ಳುವಾಗ ಒಂದೆರಡು ಹನಿ ಬರಬಹುದು. ಬಸಿರಿನಲ್ಲಿ ಗರ್ಭಕೋಶದ ಬಾಯಿಗೆ ರಕ್ತಸಂಚಾರ ಹೆಚ್ಚಾಗುವುದರಿಂದ ಗಂಡಹೆಂಡಿರು ಕೂಡಿದ ಮೇಲೋ ವೈದ್ಯರು ಒಳಪರೀಕ್ಷೆ ಮಾಡಿದ ಮೇಲೋ ಕಲೆ ಕಾಣಬಹುದು. ಗರ್ಭಚೀಲದ ಪಕ್ಕದಲ್ಲಿ ನಿಂತ ಸ್ವಲ್ಪ ರಕ್ತ ಕಂದುಬಣ್ಣಕ್ಕೆ ತಿರುಗಿ ಹಲವು ದಿನ ಸೋರಬಹುದು. ಗರ್ಭ ಕಳೆದುಹೋಗುತ್ತಿರುವ ಸೂಚನೆಯೂ ಇದೇ ಆಗಿರಬಹುದು ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಬಣ್ಣವೊಂದನ್ನೇ ನೋಡಿ ಇದು ಯಾವುದೆಂದು ಹೇಳಲು ಮನೆಯ ಹಿರಿಯರಿಗೂ ಆಗದು, ವೈದ್ಯರಿಗೂ ಆಗದು. ಆದ್ದರಿಂದ ಒಂದೇ ಹನಿಯಾದರೂ ವೈದ್ಯರಿಗೆ ತಿಳಿಸಬೇಕು.

ಕೆಲವು ಲಕ್ಷಣಗಳಿದ್ದರೆ ಬೆಳಗಾಗಲೆಂದು ಕಾಯಲೇಬಾರದು. ಗಂಟೆಗೆ ಎರಡು ಪ್ಯಾಡ್‌ಗಳಂತೆ ಎರಡು ಗಂಟೆ ಕಾಲ ಪೂರ್ತಿ ನೆನೆಯುವಷ್ಟು ಸ್ರಾವ, ಕಿಬ್ಬೊಟ್ಟೆಯ ಒಂದೇ ಬದಿಯಲ್ಲಿ ತೀವ್ರ ನೋವು, ಹೆಗಲ ತುದಿಯಲ್ಲಿ ನೋವು, ಕಣ್ಣು ಕತ್ತಲೆ ಬಂದು ಬೀಳುವಂತಾಗುವುದು, ಜ್ವರ ಅಥವಾ ದುರ್ವಾಸನೆ, ಇವುಗಳಲ್ಲಿ ಯಾವುದಿದ್ದರೂ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೊರಡಬೇಕು. ಗರ್ಭವು ಗರ್ಭಕೋಶದ ಬದಲು ಅಂಡನಾಳದಲ್ಲಿ ಬೆಳೆಯುತ್ತಿದ್ದರೆ ನಾಳ ಒಡೆದು ತಾಯಿಯ ಜೀವಕ್ಕೇ ಅಪಾಯವಾಗುತ್ತದೆ, ಆಗ ಹೊರಗೆ ಕಾಣುವ ರಕ್ತ ಬಹಳ ಕಡಿಮೆ ಇರುವುದೂ ಉಂಟು.

ಈಗ ಕಾಯುವ ದಿನಗಳ ಮಾತಿಗೆ ಬರೋಣ. ಮೊದಲ ಸ್ಕ್ಯಾನ್‌ನಲ್ಲಿ ಗರ್ಭಚೀಲ ಕಂಡಿರುತ್ತದೆ, ಹೃದಯಬಡಿತ ಕಂಡಿರುವುದಿಲ್ಲ. ವಾರ ಹತ್ತು ದಿನ ಬಿಟ್ಟು ಮತ್ತೆ ಬನ್ನಿ ಎನ್ನುತ್ತಾರೆ. ಆ ಕ್ಷಣದಲ್ಲಿ ಅದು ಕೆಟ್ಟ ಸುದ್ದಿಯನ್ನು ಮುಂದೂಡಿದಂತೆ ಕೇಳಿಸುತ್ತದೆ. ವಾಸ್ತವವಾಗಿ ಬಡಿತ ಕಾಣುವುದೇ ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿದರೆ ಆರು ವಾರದ ಆಸುಪಾಸಿನಲ್ಲಿ. ಮುಟ್ಟು ಹಿಂದುಮುಂದಾಗುವವರಲ್ಲಿ ನಿಜವಾದ ಗರ್ಭದ ವಯಸ್ಸು ಲೆಕ್ಕಕ್ಕಿಂತ ವಾರವೋ ಹದಿನೈದು ದಿನವೋ ಕಡಿಮೆ ಇರಬಹುದು. ಅವಸರದ ತೀರ್ಮಾನ ಆಗಬಾರದೆಂದೇ ವೈದ್ಯರು ಕಾಯಿಸುತ್ತಾರೆ. ರಕ್ತದಲ್ಲಿನ ಗರ್ಭದ ಹಾರ್ಮೋನ್ ಅಳೆಯುವ ಬೀಟಾ ಎಚ್‌ಸಿಜಿ ಪರೀಕ್ಷೆಯನ್ನು 48 ಗಂಟೆ ಬಿಟ್ಟು ಪುನಃ ಮಾಡಿಸುವುದೂ ಇದೇ ಕಾರಣಕ್ಕೆ, ಒಂದು ಅಂಕಿಗಿಂತ ಎರಡರ ನಡುವಿನ ಏರಿಳಿತ ಹೆಚ್ಚು ಹೇಳುತ್ತದೆ. ಯೋನಿಮಾರ್ಗದ ಸ್ಕ್ಯಾನ್‌ನಿಂದ ಗರ್ಭಕ್ಕೆ ಪೆಟ್ಟಾಗುತ್ತದೆಂಬ ಹೆದರಿಕೆ ನಮ್ಮಲ್ಲಿ ಬಹಳ, ಹಾಗೇನೂ ಆಗುವುದಿಲ್ಲ.

ಈ ದಿನಗಳಲ್ಲಿ ಹೆಣ್ಣುಮಗಳು ಮಾಡುವ ಕೆಲಸವೆಂದರೆ ಹತ್ತು ನಿಮಿಷಕ್ಕೊಮ್ಮೆ ಬಚ್ಚಲಿಗೆ ಹೋಗಿ ಬಟ್ಟೆ ನೋಡುವುದು, ಬೆಳಗಿನ ವಾಕರಿಕೆ ಕಡಿಮೆಯಾಯಿತೆಂದು ಅಳುವುದು, ಔಷಧದ ಅಂಗಡಿಯಿಂದ ಮತ್ತೊಂದು ಗರ್ಭಪರೀಕ್ಷೆಯ ಕಿಟ್ ತರಿಸಿ ಗೆರೆ ಗಾಢವಾಗಿದೆಯೇ ಎಂದು ಬೆಳಕಿಗೆ ಹಿಡಿದು ನೋಡುವುದು. ವಾಕರಿಕೆ ಒಂದು ದಿನ ಇದ್ದು ಮತ್ತೊಂದು ದಿನ ಇಲ್ಲದಿರಬಹುದು. ಕಿಟ್‌ನ ಗೆರೆ ಗರ್ಭದ ಕ್ಷೇಮವನ್ನು ಅಳೆಯುವುದಿಲ್ಲ. ಒಂದು ಸಣ್ಣ ಪುಸ್ತಕ ಇಟ್ಟುಕೊಂಡು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮಾತ್ರ ಬಣ್ಣ ಯಾವುದು, ಪ್ಯಾಡ್ ಎಷ್ಟು ನೆನೆದಿದೆ, ನೋವಿದೆಯೇ ಎಂದು ಬರೆದಿಡಿ. ಮುಂದಿನ ಭೇಟಿಯಲ್ಲಿ ವೈದ್ಯರು ಕೇಳುವುದು ಇದನ್ನೇ; ಅಷ್ಟರಮಟ್ಟಿಗೆ ನೋಡುವ ಕೆಲಸಕ್ಕೂ ಒಂದು ಹೊತ್ತು ಗೊತ್ತಾಗುತ್ತದೆ. ನಡುವೆ ಸ್ರಾವ ಜೋರಾದರೆ ನಿಮಗೆ ತಿಳಿಯದೇ ಹೋಗುವುದಿಲ್ಲ.

ಇನ್ನು ಹಾಸಿಗೆ ಹಿಡಿಸುವ ಪದ್ಧತಿ. ಪೂರ್ಣ ವಿಶ್ರಾಂತಿಯಿಂದ ಗರ್ಭಪಾತ ತಪ್ಪುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ಭಾರ ಎತ್ತುವುದನ್ನು, ಸ್ರಾವ ನಿಲ್ಲುವವರೆಗೆ ಗಂಡಹೆಂಡಿರು ಕೂಡುವುದನ್ನು ಬಿಡಿ. ಉಳಿದಂತೆ ಮನೆಯೊಳಗೆ ಓಡಾಡಬಹುದು. ಮಲಗಿಯೇ ಇರುವವಳಿಗೆ ಯೋಚನೆಯ ಹೊರತು ಬೇರೆ ಕೆಲಸವೇ ಇರುವುದಿಲ್ಲ.

ನನಗೆ ಅತಿ ಕ್ರೂರವೆನಿಸುವುದು ಮನೆಯಲ್ಲಿ ನಡೆಯುವ ವಿಚಾರಣೆ. ಪರಂಗಿಹಣ್ಣು ತಿಂದೆಯಾ, ಬಸ್ಸಿನಲ್ಲಿ ಹೋಗಬೇಡ ಎಂದರೂ ಹೋದೆಯಲ್ಲ, ಕೊಡ ಎತ್ತಿದೆಯಾ, ಯಾರ ದೃಷ್ಟಿ ತಗುಲಿತೋ ಎಂಬ ಪ್ರಶ್ನೆಗಳು ಕಾಳಜಿಯ ಧಾಟಿಯಲ್ಲೇ ಬಂದರೂ ಕೇಳುವವಳ ಕಿವಿಗೆ ಆರೋಪಪಟ್ಟಿಯಾಗಿ ಬೀಳುತ್ತವೆ. ಆರಂಭದಲ್ಲೇ ಕಳೆದುಹೋಗುವ ಗರ್ಭಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕಾರಣ ಭ್ರೂಣದ ವರ್ಣತಂತುಗಳಲ್ಲಿನ ದೋಷ. ಅದು ಬಸ್ಸಿನ ಕುಲುಕಾಟದಿಂದ ಬರುವಂಥದ್ದಲ್ಲ. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದೆಂಬ ರೂಢಿಯ ಬಗ್ಗೆಯೂ ನನಗೆ ತಕರಾರಿದೆ. ಊರಿಗೆಲ್ಲ ಸಾರಬೇಕಿಲ್ಲ, ನಿಜ. ಆದರೆ ಅಮ್ಮನಿಗೋ ಅಕ್ಕನಿಗೋ ಆಪ್ತ ಗೆಳತಿಗೋ ತಿಳಿಯದಿದ್ದರೆ, ಸಂಕಟ ಬಂದ ರಾತ್ರಿ ಅವಳು ಒಬ್ಬಳೇ ಆಗುತ್ತಾಳೆ. ಗಂಡಂದಿರು ಏನೂ ಆಗಲ್ಲ ಬಿಡು ಎಂದು ಮಾತು ಮುಗಿಸಬಾರದು. ಸ್ಕ್ಯಾನ್ ದಿನ ರಜೆ ಹಾಕಿ ಜೊತೆಗೆ ಹೋಗುವುದು, ಮನೆಯವರ ಪ್ರಶ್ನೆಗಳಿಗೆ ತಾವೇ ಉತ್ತರಿಸುವುದು ಆ ಸಮಾಧಾನದ ಮಾತಿಗಿಂತ ದೊಡ್ಡ ನೆರವು. ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಗೆ ಹೇಳಿದರೆ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯುತ್ತಾರೆ. ನಿದ್ರೆ ಹತ್ತದೆ, ಊಟ ಸೇರದೆ ದಿನಗಳುರುಳಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ವೈದ್ಯರ ಬಳಿ ಹೋಗುವಾಗ ತಾಯಿ ಕಾರ್ಡ್, ಹಿಂದಿನ ಸ್ಕ್ಯಾನ್ ವರದಿ, ಕೊನೆಯ ಮುಟ್ಟಿನ ದಿನಾಂಕ ಜೊತೆಗಿರಲಿ. ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಅದನ್ನು ಮೊದಲೇ ಹೇಳಿ, ಮುಂದಿನ ಬಸಿರಿಗೆ ತೊಂದರೆಯಾಗದಂತೆ ಕೊಡುವ ಆಂಟಿ-ಡಿ ಚುಚ್ಚುಮದ್ದು ಬೇಕೇ ಎಂದು ಅವರು ನಿರ್ಧರಿಸುತ್ತಾರೆ. ಹಿಂದೆ ಗರ್ಭಪಾತವಾಗಿ ಈಗ ಮತ್ತೆ ರಕ್ತ ಕಂಡಿರುವವರಿಗೆ ಗರ್ಭಕ್ಕೆ ಆಸರೆಯಾಗುವ ಹಾರ್ಮೋನ್ ಔಷಧ ಪ್ರೊಜೆಸ್ಟರಾನ್‌ನಿಂದ ಪ್ರಯೋಜನವಾಗಬಹುದು; ಪಕ್ಕದ ಮನೆಯವರಿಗೆ ಕೊಟ್ಟ ಮಾತ್ರೆಯನ್ನು ಮಾತ್ರ ನುಂಗಬೇಡಿ. ಒಂದು ವೇಳೆ ಗರ್ಭ ಉಳಿಯದೇ ಹೋದರೆ, ಹೆರಿಗೆ ಸೌಲಭ್ಯದ ಕಾನೂನು ಅನ್ವಯವಾಗುವ ಕಡೆ ಕೆಲಸದಲ್ಲಿರುವವರಿಗೆ ಆರು ವಾರಗಳ ವೇತನಸಹಿತ ರಜೆಯ ಹಕ್ಕು ಇದೆ. ವೈದ್ಯರ ಪ್ರಮಾಣಪತ್ರ ಕೊಟ್ಟು ಅದನ್ನು ಸಂಕೋಚವಿಲ್ಲದೆ ಕೇಳಿ ಪಡೆಯಿರಿ. ನಮಸ್ಕಾರ.